ಮುಚ್ಚಳದ ಮೇಲೆ ಅತ್ತೆ

ವ್ಯಾನಿನ ಹಿಂದಿನ ಸೀಟಿನಲ್ಲಿದ್ದ ಅತ್ತೆ ನಾಲ್ಕನೇ ಸಲ ಕರೆಂಟಿನ ಕೂಲರ್ ಪೆಟ್ಟಿಗೆಯ ಮುಚ್ಚಳ ತೆಗೆದು, ಕ್ರೀಮ್ ಕೇಕುಗಳ ನಡುವೆ ಕೈಯಿಟ್ಟರು. ಪೆಟ್ಟಿಗೆಯ ಮುಂಬದಿಯಲ್ಲಿ ಒಳಗಿನ ತಂಪು ತೋರಿಸುವ ಕೆಂಪು ಅಂಕಿ ನಾಲ್ಕು ಡಿಗ್ರಿಯಿಂದ ಆರಕ್ಕೇರಿತು.

“ಅತ್ತೆ, ಮುಚ್ಚಿ!” ಸ್ಟೇರಿಂಗ್ ಹಿಡಿದಿದ್ದ ಸೊಸೆ ಕೂಗಿದಳು.

“ತಣ್ಣಗಿದ್ಯಾ ಅಂತ ನೋಡಿದೆ ಕಣೇ. ನನ್ನ ಕೈಗೆ ಗೊತ್ತಾಗೋದು ಆ ಅಂಕಿಗೇನು ಗೊತ್ತಾಗುತ್ತೆ?”

“ನೀವು ನೋಡಿದಾಗೆಲ್ಲ ತಂಪು ಆಚೆ ಹೋಗುತ್ತೆ. ಹೋದ ವಾರ ಹೋಟೆಲಿನವರು ಐದು ದಾಟಿದೆ ಅಂತ ಅಷ್ಟೂ ಕೇಕ್ ವಾಪಸ್ ಕಳಿಸಿದ್ರಲ್ಲ, ಇವತ್ತೂ ಹಾಗೇ ಆದ್ರೆ ಆರ್ಡರೇ ಹೋಯ್ತು.”

ಅತ್ತೆಯ ಕೈ ಅಲ್ಲೇ ನಿಂತಿತು. ಹೋದ ವಾರ ಮನೆ ಸೇರುವವರೆಗೂ ಅವರು ಪೆಟ್ಟಿಗೆಗೆ ಬೈದಿದ್ದರು, ಅದರ ಕರೆಂಟ್ ವೈರ್‌ಗೆ ಬೈದಿದ್ದರು, ಹೋಟೆಲಿನವನ ಏಳು ತಲೆಮಾರಿಗೂ ಬೈದಿದ್ದರು. ಅವತ್ತೂ ಪ್ರತಿ ಸಿಗ್ನಲ್ಲಿನಲ್ಲಿ ಮುಚ್ಚಳ ತೆಗೆದದ್ದು ತಾವೇ. ಮುಚ್ಚಳ ಒತ್ತಿ ಹಾಕಿದರು. ಸೀಟಿನಿಂದೆದ್ದು ಅದರ ಮೇಲೆಯೇ ಗಟ್ಟಿಯಾಗಿ ಕೂತರು.

“ಇದೇನತ್ತೆ?”

“ಕೈ ಸುಮ್ನಿರಲ್ಲ. ನೀನು ಮುಂದೆ ನೋಡ್ಕೊಂಡು ಓಡಿಸು.”

ಹೋಟೆಲಿನ ಹಿಂಬಾಗಿಲಲ್ಲಿ ವ್ಯಾನು ನಿಂತಾಗ ಅಂಕಿ ನಾಲ್ಕಕ್ಕೆ ಇಳಿದಿತ್ತು. ಮಾಲೀಕ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲು ಸರಿಸಿದ. “ತೆಗೀರಿ ಅಮ್ಮಾ, ಕೇಕ್ ಹೇಗಿದೆ ನೋಡೋಣ.”

ಅತ್ತೆ ಮಿಸುಕಾಡಲಿಲ್ಲ.

“ಬರಿಗೈಲಿ ನೋಡೋಕೆ ಬಂದ್ಯೇನಪ್ಪಾ? ಒಳಗೆ ಹೋಗಿ ಥರ್ಮಾಮೀಟರ್ ತಗೊಂಡು ಬಾ. ಆಮೇಲೆ ಏಳ್ತೀನಿ.”