ಒರಟು ದನಿಯ ಶ್ರುತಿ

ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದರೆ ಸಾಕು, ಈಗಲೂ ನನಗೆ ವಿದ್ಯಾರಣ್ಯಪುರಂ ಮನೆಯ ಟೇಪ್ ರೆಕಾರ್ಡರ್ ನೆನಪಾಗುತ್ತದೆ. ಸೋದರತ್ತೆ ಅದರಲ್ಲಿ ಟೇಪು ಉಜ್ಜಿ ಹೋಗುವ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿಯೇ ತನ್ನ ಗ್ರಂಜ್ ರಾಕ್ ಹಾಡುಗಳ ಕ್ಯಾಸೆಟ್ ಹಾಕುತ್ತಿದ್ದಳು. ಅವಳದು ಗೊಗ್ಗರು ದನಿ. ಸಂಗೀತದ ಮೇಷ್ಟ್ರಾಗಿದ್ದ ತಾತ ಅದಕ್ಕೇ ಅವಳ ಪಾಠ ನಿಲ್ಲಿಸಿದ್ದರು. ಒಂದು ಮಧ್ಯಾಹ್ನ ಅವಳು ಕ್ಯಾಸೆಟ್ಟಿನ ಗಾಯಕನ ಜೊತೆ ಗಂಟಲು ಬಿಟ್ಟು ಹಾಡುತ್ತಿದ್ದಾಗ ತಾತ ಶ್ರುತಿಪೆಟ್ಟಿಗೆ ಹಿಡಿದು ಬಂದರು.

“ಯಾರದಮ್ಮ ಅದು, ಗಂಟ್ಲೋ ಉಪ್ಪುಕಾಗದ್ವೋ?”

“ನನ್ನ ಥರದ್ದೇ ಗಂಟ್ಲು ಕಣಪ್ಪ. ಪ್ರಪಂಚಾನೇ ಕೇಳುತ್ತೆ,” ಎಂದಳು ಅತ್ತೆ, ದನಿ ತಗ್ಗಿಸದೆ.

ತಾತ ಪಕ್ಕದಲ್ಲಿ ಕೂತು, ಹಾಡಿಗೆ ಶ್ರುತಿ ಹೊಂದಿಸಿ ಕಣ್ಣು ಮುಚ್ಚಿದರು. “ಇಬ್ರೂ ಶ್ರುತಿ ಬಿಟ್ಟಿಲ್ವಲ್ಲ,” ಎಂದರು ಸ್ವಲ್ಪ ಹೊತ್ತಿನ ಮೇಲೆ.

ಕ್ಯಾಸೆಟ್ ಮುಗಿದು ಟಕ್ಕೆಂದು ನಿಂತಿತು. ಅತ್ತೆಯೂ ನಿಲ್ಲಿಸಿದಳು. ತಾತ ಮಾತ್ರ ಶ್ರುತಿಪೆಟ್ಟಿಗೆಯ ತಿದಿ ಒತ್ತುತ್ತಲೇ ಇದ್ದರು.

“ನೀನ್ಯಾಕಮ್ಮ ನಿಲ್ಲಿಸ್ದೆ?”