ಗಂಟೆಗಳು ಹೋಗದ ಊರು

ಶುಭ ಶುಕ್ರವಾರದ ಬೆಳಿಗ್ಗೆ ಬೆರ್ನ್ ನಗರದ ದೊಡ್ಡ ಚರ್ಚಿನ ಗಂಟೆ ಢಣ್ ಎಂದಿತು. ಪಕ್ಕದ ಬೆಂಚಿನ ಮೇಲೆ ಕೂತು ಬ್ರೆಡ್ ತಿನ್ನುತ್ತಿದ್ದ ಐದು ವರ್ಷದ ನಿನೆಟ್‌ಗೆ ತುತ್ತು ಗಂಟಲಲ್ಲೇ ನಿಂತಿತು.

"ಅಮ್ಮಾ! ಈ ಗಂಟೆ ಹೋಗೇ ಇಲ್ಲ!"

ಗಂಟೆಗಳ ವಿಷಯದಲ್ಲಿ ಬ್ರಸೆಲ್ಸಿನ ಮಕ್ಕಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಈಸ್ಟರ್‌ಗೆ ಮುಂಚಿನ ಗುರುವಾರ ಗಂಟೆಗಳೆಲ್ಲ ಗೋಪುರ ಬಿಟ್ಟು ರೋಮಿಗೆ ಹಾರಿಹೋಗುತ್ತವೆ. ಭಾನುವಾರ ವಾಪಸು ಬರುವಾಗ ಮನೆಮನೆಯ ಹಿತ್ತಲಿನಲ್ಲಿ ಚಾಕೊಲೇಟ್ ಮೊಟ್ಟೆ ಉದುರಿಸುತ್ತವೆ. ಅಲ್ಲಿಯವರೆಗೆ ಯಾವ ಗೋಪುರವೂ ತುಟಿಪಿಟಕ್ ಎನ್ನಬಾರದು. ನಿನ್ನೆ ಪ್ಯಾರಿಸಿನಲ್ಲಿ ಸಂಜೆಯ ಗಂಟೆ ನಿಂತದ್ದೇ ತಡ, ರಾತ್ರಿಯ ರೈಲಿಗೆ ಹೊರಡುವ ಮುನ್ನ ನಿನೆಟ್ ಹೋಟೆಲಿನ ಕಿಟಕಿಯಿಂದ ಆಕಾಶಕ್ಕೆ ಕೈ ಬೀಸಿದ್ದಳು. ಗುಲಾಬಿ ಮೋಡದ ಹಿಂದೆ ಏನೋ ಹೊಳೆದು ಮರೆಯಾದಂತೆ ಅವಳಮ್ಮ ಸೊಲಾಂಜ್‌ಗೂ ಅನ್ನಿಸಿತ್ತು.

"ನಾನ್ ಹೇಳ್ಲಿಲ್ವಾ ದಡ್ಡಿ?" ಎಂದ ಅಣ್ಣ ಬಾಸಿಲ್. ಅವನಿಗೆ ಎಂಟು ವರ್ಷ, ಎಲ್ಲವೂ ಗೊತ್ತಿರುವ ವಯಸ್ಸು. ಬೆಳಿಗ್ಗೆ ತಾನೇ ಬೀದಿಯ ಕಾರಂಜಿಯ ಕಟ್ಟೆ ಮೇಲೆ ಸರ್ಕಸ್ ಮಾಡಲು ಹೋಗಿ ನೀರಿಗೆ ಬಿದ್ದು, ಬೂಟು ಬಿಸಿಲಿಗಿಟ್ಟು ಬರಿಗಾಲಲ್ಲಿ ಕೂತಿದ್ದರೂ ಠೀವಿಗೇನೂ ಕಮ್ಮಿಯಿರಲಿಲ್ಲ. "ಒಂದೊಂದು ಗಂಟೆ ಲಾರಿಯಷ್ಟು ಭಾರ. ರೆಕ್ಕೆ ಎಲ್ಲಿದೆಯಂತೆ ಅದಕ್ಕೆ?"

"ನೀನ್ ಸುಮ್ನಿರೋ, ಒದ್ದೆ ಕೋಳಿ!" ನಿನೆಟ್ ತನ್ನ ಬೆನ್ನುಚೀಲವನ್ನು ಮಡಿಲಿಗೆಳೆದು ಅಪ್ಪಿಕೊಂಡಳು.

ಆ ಚೀಲದಲ್ಲಿ ಏನಿದೆಯೆಂದು ಸೊಲಾಂಜ್‌ಗೆ ತಿಳಿದದ್ದು ಬ್ರಸೆಲ್ಸಿನಿಂದ ರೈಲು ಹೊರಟ ಮೇಲೆ. ಬಟ್ಟೆಯಿಲ್ಲ, ಗೊಂಬೆಯಿಲ್ಲ, ತಾತನ ಉಣ್ಣೆ ಚಪ್ಪಲಿಯ ಜೋಡಿ. ವಸಂತ ಬಂದ ಕೂಡಲೇ ಮೊಮ್ಮಕ್ಕಳಿಗೆ ಪ್ಯಾರಿಸ್, ಬೆರ್ನ್, ರೋಮ್, ಮೂರು ರಾಜಧಾನಿ ತೋರಿಸಬೇಕೆಂದು ರೈಲಿನ ಟಿಕೆಟ್ ತೆಗೆದಿಟ್ಟವರು ಅವಳ ಅಪ್ಪ. ಫೆಬ್ರವರಿಯಲ್ಲಿ ತೀರಿಕೊಂಡರು. ತಾತ ಎಲ್ಲಿ ಎಂದು ಮಗು ಕೇಳಿದಾಗ ಅವಳು ಅಳು ನುಂಗಿಕೊಂಡು ಬಾಯಿಗೆ ಬಂದದ್ದನ್ನು ಹೇಳಿದ್ದಳು: ಗಂಟೆಗಳು ಹೋಗ್ತವಲ್ಲ ಪುಟ್ಟಿ, ಹಾಗೆ ಹೋದ್ರು. ಹೋದ ಗಂಟೆ ಭಾನುವಾರ ವಾಪಸು ಬರುತ್ತದೆ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ. ಮಗುವಿಗೆ ಹೊಳೆದಿತ್ತು. "ಅಷ್ಟು ಮೇಲೆ ಹಾರ್ಕೊಂಡು ಬರೋವಾಗ ತಾತನ ಕಾಲಿಗೆ ಚಳಿಯಾಗಲ್ವಾ? ರೋಮಲ್ಲೇ ಕೊಟ್ಬಿಡೋಣ" ಎಂದಿತ್ತು. ನಿಜ ಹೇಳಬೇಕಿತ್ತು. ಬ್ರಸೆಲ್ಸ್ ಬಿಡುವಾಗ, ಪ್ಯಾರಿಸ್ ಬರಲಿ ಅಂದುಕೊಂಡಳು. ಪ್ಯಾರಿಸಿನಲ್ಲಿ, ಬೆರ್ನ್ ಬರಲಿ ಅಂದುಕೊಂಡಳು. ಈಗ ಉಳಿದದ್ದು ರೋಮ್ ಒಂದೇ, ಅದರ ರೈಲು ಮಧ್ಯಾಹ್ನಕ್ಕಿತ್ತು.

ಗಂಟೆ ನಿಲ್ಲಲೇ ಇಲ್ಲ. ಒಂದರ ದನಿಗೆ ಇನ್ನೊಂದು ಸೇರಿತು, ಅದಕ್ಕೆ ಮತ್ತೊಂದು. ಕೆಳಗಿನ ಹಸಿರು ನದಿ, ಆಚೆ ದಡದ ಹೂಬಿಟ್ಟ ಚೆರ್ರಿ ಮರಗಳು, ಇನ್ನೂ ಆಚೆ ನೆಲವೇ ಇಲ್ಲದಂತೆ ತೇಲುತ್ತಿದ್ದ ಹಿಮದ ಬೆಟ್ಟಗಳು, ಎಲ್ಲವೂ ಆ ಸದ್ದಿನೊಳಗೆ ಮೆಲ್ಲಗೆ ತೊಟ್ಟಿಲಿನಂತೆ ತೂಗುತ್ತಿದ್ದವು.

"ಈ ಊರಿನವರ ಪದ್ಧತಿ ಬೇರೆ ಪುಟ್ಟಿ," ಎಂದಳು ಸೊಲಾಂಜ್. "ಇವರ ಗಂಟೆಗಳು ಎಲ್ಲೂ ಹೋಗಲ್ಲ."

ನಿನೆಟ್ ತಲೆಯೆತ್ತಿ ಗೋಪುರವನ್ನು ನೋಡಿದಳು. "ಇವ್ರು ಬಿಡ್ಲಿಲ್ವಾ? ಹಿಡ್ಕೊಂಡ್ರಾ?"

"ಹೂಂ, ಹಾಗೇ ಅಂದ್ಕೋ."

"ಮತ್ತೆ ನಾವ್ಯಾಕೆ ತಾತನ್ನ ಹಿಡ್ಕೊಳ್ಲಿಲ್ಲ?"

ಸೊಲಾಂಜ್‌ಗೆ ಆಸ್ಪತ್ರೆಯ ಕೊನೆಯ ದಿನ ನೆನಪಾಯಿತು. ಒಂದು ಕಾಫಿ ಕುಡಿದು ಬರ್ತೀನಪ್ಪಾ ಎಂದು ಅಪ್ಪನ ಕೈ ಬಿಡಿಸಿಕೊಂಡು ಹೋದವಳು ಅವಳೇ. ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಹಿಡ್ಕೊಂಡಿದ್ರೂ ನಿಲ್ತಿರ್ಲಿಲ್ಲ ಕಂದ," ಎಂದಳು. "ತಾತ ಗಂಟೆ ಥರ ಹೋಗಿದ್ದಲ್ಲ. ನಾನೇ ತಪ್ಪು ಹೇಳ್ದೆ. ತಾತ ಸತ್ತುಹೋದ್ರು. ಸತ್ತೋರು ವಾಪಸ್ ಬರಲ್ಲ."

ನಿನೆಟ್ ಅಳಲಿಲ್ಲ. ಚೀಲದ ಮೇಲೆ ಗಲ್ಲವೂರಿ ಕೂತಳು. ಮಾತಾಡಿದವನು ಬಾಸಿಲ್.

"ಭಾನುವಾರಾನೂ ಬರಲ್ವಾ?"

ಮಣ್ಣು ಮಾಡಿದ ದಿನ ಮುಂದೆಯೇ ನಿಂತು ಎಲ್ಲವನ್ನೂ ನೋಡಿದ್ದ ಹುಡುಗ. ಈಗಷ್ಟೇ ಗಂಟೆಗೆ ರೆಕ್ಕೆ ಎಲ್ಲಿ ಎಂದು ಗೇಲಿ ಮಾಡಿದ್ದವನು. ಸೊಲಾಂಜ್ ತಿರುಗಿ ನೋಡುವಷ್ಟರಲ್ಲಿ ಮೊಣಕಾಲುಗಳ ನಡುವೆ ಮುಖ ಹುದುಗಿಸಿ ಬಿಕ್ಕಳಿಸುತ್ತಿದ್ದ. ಅಯ್ಯೋ, ಇವನು ದೊಡ್ಡವನು, ಇವನಿಗೆ ಗೊತ್ತಿದೆ ಎಂದುಕೊಂಡು ಇವನಿಗೆ ಏನನ್ನೂ ಹೇಳೇ ಇರಲಿಲ್ಲವಲ್ಲ! ಅವನನ್ನು ಬಾಚಿ ಎದೆಗವಚಿಕೊಂಡಳು. ಎರಡು ತಿಂಗಳಿನಿಂದ ತಡೆದಿಟ್ಟಿದ್ದ ಅವಳ ಅಳುವೂ ಆಗಲೇ ಬಂತು. ಗಂಟೆಗಳ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಕಣ್ಣೊರೆಸಿಕೊಂಡು ನೋಡಿದರೆ ನಿನೆಟ್ ಚೀಲ ಬಿಚ್ಚಿ, ಚಪ್ಪಲಿ ಜೋಡಿಯನ್ನು ಅಣ್ಣನ ಕಾಲ ಬಳಿ ಇಡುತ್ತಿದ್ದಳು.

"ಹಾಕ್ಕೋ. ನಿನ್ ಕಾಲು ನೀಲಿ ಆಗಿದೆ."

"ದೊಡ್ಡದಾಗುತ್ತೆ ಕಣೇ."

"ಎಳ್ಕೊಂಡ್ ನಡಿ. ತಾತನೂ ಹಂಗೇ ಅಲ್ವಾ ನಡೀತಿದ್ದಿದ್ದು?"

ರೈಲಿಗೆ ಹೊತ್ತಾಗಿತ್ತು. ಒಂದು ಕೈಯಲ್ಲಿ ಒದ್ದೆ ಬೂಟು, ಇನ್ನೊಂದರಲ್ಲಿ ನಿನೆಟ್‌ಳ ಕೈ ಹಿಡಿದು ಸೊಲಾಂಜ್ ಮುಂದೆ ಹೊರಟಳು. ಗಂಟೆಗಳು ಒಂದೊಂದಾಗಿ ನಿಂತವು. ಅಂಗಡಿಸಾಲಿನ ಕಲ್ಲಿನ ಕಮಾನುಗಳ ಕೆಳಗೆ ತಂಪು ನೆರಳು, ರಜೆಯ ನಿಶ್ಶಬ್ದ. ಅದರೊಳಗೆ, ಅವಳ ಬೆನ್ನ ಹಿಂದೆ, ಸರಕ್... ಸರಕ್... ಚಿಕ್ಕಂದಿನಲ್ಲಿ ದಿನವೂ ಬೆಳಿಗ್ಗೆ ಅವಳನ್ನು ಎಬ್ಬಿಸಲು ಬರುತ್ತಿದ್ದ ಸದ್ದು.

ಆ ಸದ್ದು ಹಿಂದೆ ಬೀಳದಿರಲೆಂದು ಸೊಲಾಂಜ್ ನಡಿಗೆ ನಿಧಾನ ಮಾಡಿದಳು. ಸ್ಟೇಷನ್ ಬರುವವರೆಗೂ ಒಮ್ಮೆಯೂ ತಿರುಗಿ ನೋಡಲಿಲ್ಲ.