ಹಲ್ಲು ಕಾಣುವ ಫೋಟೋ

"ಇದು ಯಾರು?" ಎಂದರು ಫೋಟೋದವರು, ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಎಡಗೈ ಹೆಬ್ಬೆರಳು ಊರಿ.

"ಬೆಕ್ಕು ಅಲ್ವೇನ್ರೀ? ಕಟಿಂಗ್ ಶಾಪಿನ ಬೆಕ್ಕು." ಹೆಂಡತಿ ಅವರ ಬೆನ್ನಿಗೆ ದಿಂಬು ಕೊಡುತ್ತಾ ಬಗ್ಗಿ ನೋಡಿದಳು. ಗಿರಾಕಿಯಿಲ್ಲದ ಹೊತ್ತಿನಲ್ಲಿ ಅಂಗಡಿಯವನು ಬೆಕ್ಕನ್ನು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, "ಸಾಹೇಬರಿಗೆ ಮೀಸೆ ಇರಲೋ, ತೆಗೆಯಲೋ?" ಎಂದು ಬಾಚಣಿಗೆ ಹಿಡಿದು ನಿಂತಿದ್ದ. ಬೀದಿಯಲ್ಲಿ ನಿಂತು, ಗಾಜಿನಾಚೆಯಿಂದ ಅವಳು ಅದನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಳು. ನೆನೆಸಿಕೊಂಡರೆ ಈಗಲೂ ನಗು ಉಕ್ಕುತ್ತಿತ್ತು.

"ಬೆಕ್ಕಲ್ಲ. ಇದು." ಹೆಬ್ಬೆರಳು ಚಿತ್ರದ ಅಂಚಿಗೆ ಜರುಗಿತು. ಅಲ್ಲಿ ಗಾಜಿನ ಮೇಲೆ ಅವಳದೇ ಬಿಂಬ ಬಿದ್ದಿತ್ತು. ಎದೆಯ ಹತ್ತಿರ ಕ್ಯಾಮೆರಾ, ಮುಖದ ತುಂಬ ನಗು, ಮುಂದಿನ ಎರಡು ಉಬ್ಬುಹಲ್ಲು ಎದ್ದು ಕಾಣುವ ಹಾಗೆ.

ಸ್ಟುಡಿಯೋ ಇಟ್ಟು ಊರಿಗೆಲ್ಲ ಫೋಟೋ ತೆಗೆದ ಮನುಷ್ಯ ಅವರು. ಹೆಂಡತಿ ಕ್ಯಾಮೆರಾ ಮುಟ್ಟಿದರೆ ಕೈಗೆ ಹೊಡೆಯುತ್ತಿದ್ದವರು. ಬಲಭಾಗಕ್ಕೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ತಾವಾಗಿಯೇ ಅದನ್ನು ಅವಳ ಕೊರಳಿಗೆ ಹಾಕಿಸಿದ್ದರು. "ಬೆಳಿಗ್ಗೆ ಒಂದು ಸುತ್ತು ಹೋಗಿ ಬಾ. ಊರು ಹೇಗಿದೆ ತೋರಿಸು. ಈ ಗೋಡೆ ನೋಡಿ ನೋಡಿ ಸಾಕಾಗಿದೆ." ಸ್ನಾನ ಮಾಡಿಸಲು ಬರುವ ಆಯಾ ಮನೆಯಲ್ಲಿರುವಷ್ಟು ಹೊತ್ತು ಅವಳಿಗೆ ಬಿಡುವು. ಮೊದಮೊದಲು ಗಂಡನಿಗಾಗಿ ಹೋದಳು. ಆಮೇಲಾಮೇಲೆ ತನಗಾಗಿಯೇ ಹೋಗತೊಡಗಿದಳು, ಸುಳ್ಳೇಕೆ? ಟೈರುಗಳ ರಾಶಿಯೊಳಗೆ ಮುದುರಿಕೊಂಡು ನಿದ್ದೆ ಹೊಡೆಯುವ ಪಂಕ್ಚರಿನವನು ಸಿಕ್ಕಿದ ದಿನ, ಯಾರೋ ಬಿಟ್ಟುಹೋದ ಒಂಟಿ ಬೂಟಿನಲ್ಲಿ ಪುದೀನ ಬೆಳೆಸಿದ ಚಪ್ಪಲಿ ಹೊಲಿಯುವವಳು ಸಿಕ್ಕಿದ ದಿನ, ಮನೆಯ ಬೆಡ್‌ಪ್ಯಾನು, ಔಷಧಿ ವಾಸನೆ, ಬೈಗುಳ ಎಲ್ಲ ಹೇಗೋ ಸಾಗಿಹೋಗುತ್ತಿತ್ತು. ಫೋಟೋದವರು ಮಾತ್ರ ಒಂದನ್ನೂ ಮೆಚ್ಚಿದವರಲ್ಲ. ವಾಲಿದೆ, ಬೆಳಕು ಜಾಸ್ತಿಯಾಗಿದೆ, ತಲೆ ಕತ್ತರಿಸಿದೀಯ ಎಂದು ಮೂಗು ಮುರಿಯುವರು. ಮರುದಿನ ಅವಳು ಬಾಗಿಲು ತೆಗೆಯುವ ಸದ್ದಿಗೆ ಕಿವಿಗೊಟ್ಟು ಕಾಯುವವರೂ ಅವರೇ.

"ಎಷ್ಟು ಸಲ ಹೇಳಿದೀನಿ, ಹಲ್ಲು ಬಿಡಬೇಡ ಅಂತ?"

ಹೇಳಿದ್ದರು. ಮದುವೆಯ ಹೊಸದರಲ್ಲಿ, ಸ್ಟುಡಿಯೋದ ಪರದೆಯ ಮುಂದೆ ನಿಲ್ಲಿಸಿ ಹೇಳಿದ್ದರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳು ಫೋಟೋಗೆ ಕೂತಾಗಲೂ, ಅದೇ ಮಗಳ ಮದುವೆಯಲ್ಲಿ ಬೀಗರ ಎದುರೂ ಹೇಳಿದ್ದರು. ಆಲ್ಬಮ್ಮಿನ ತುಂಬ ಅವಳು ಸಾವಿನ ಮನೆಗೆ ಬಂದವಳ ಹಾಗೆ ನಿಂತಿದ್ದಾಳೆ. ಫೋಟೋಗೆಂದು ಮುಚ್ಚಿದ ಬಾಯಿ ಬರುಬರುತ್ತ ಮನೆಯೊಳಗೂ ಮುಚ್ಚಿಕೊಂಡಿತ್ತು.

"ನಾನು ತೆಗೆದದ್ದು ಬೆಕ್ಕನ್ನ. ಅದರಲ್ಲಿ ನಾನೂ ಬಿದ್ದಿರೋದು ಗೊತ್ತೇ ಇರಲಿಲ್ಲ."

"ಗೊತ್ತಿಲ್ಲದೆ ಬೀಳೋದೇ ನಿಜವಾದ ಮುಖ. ನನಗೆ ಹೇಳಿಕೊಡಬೇಡ." ವಾರೆಯಾದ ಬಾಯಲ್ಲೇ ಮುಂದುವರಿಸಿದರು. "ನಾನಿಲ್ಲಿ ಹೆಣದ ಹಾಗೆ ಬಿದ್ದಿದೀನಿ. ನೀನು ಬೀದೀಲಿ ನಿಂತು ನಗ್ತಿದೀಯ. ಮನೇಲಿ ಒಂದು ದಿನ ಈ ನಗು ನೋಡಿದ್ದಿಲ್ಲ ನಾನು."

ನೀವು ನಗೋಕೆ ಬಿಟ್ಟಿದ್ದರಲ್ಲವೇ ನೋಡೋದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಆಡಿಬಿಟ್ಟಿದ್ದರೆ ಹೊಟ್ಟೆಯಾದರೂ ತಣ್ಣಗಾಗುತ್ತಿತ್ತು.

ಹೆಬ್ಬೆರಳು ಅಳಿಸುವ ಗುಂಡಿ ಒತ್ತಿತು. ಬೆಕ್ಕು ಹೋಯಿತು. ಅಲ್ಲಿಗೂ ನಿಲ್ಲಲಿಲ್ಲ. ಪಂಕ್ಚರಿನವನು ಹೋದ.

"ಅಯ್ಯೋ, ಅದು ಬೇಡ ಕಣ್ರೀ! ಅದರಲ್ಲಿ ನಾನಿಲ್ಲ!"

"ಎಲ್ಲದರಲ್ಲೂ ನೀನೇ ಇರೋದು," ಎಂದರು ಅವರು. ಪುದೀನದ ಬೂಟೂ ಹೋಯಿತು. ಕೊನೆಗೆ ಪರದೆಯಲ್ಲಿ ಏನೂ ಉಳಿಯಲಿಲ್ಲ. "ನಾಳೆಯಿಂದ ಈ ಕ್ಯಾಮೆರಾ ಮುಟ್ಟಬೇಡ."

"ಆಯ್ತು," ಎಂದಳು.

ಮರುದಿನ ಆಯಾ ಬಂದು ಬಿಸಿನೀರು ತೋಡುತ್ತಿದ್ದಾಗ ಅವಳು ಎಂದಿನಂತೆ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?" ಒಳಗಿನಿಂದ ಕೂಗು ಬಂತು.

"ಒಂದು ಸುತ್ತು ಹೋಗಿ ಬರ್ತೀನಿ."

"ಕ್ಯಾಮೆರಾ ಇಲ್ಲೇ ಇದೆಯಲ್ಲ!"

"ಮುಟ್ಟಬೇಡ ಅಂದ್ರಲ್ಲ, ಅದಕ್ಕೆ."

ಸಿಗ್ನಲ್ಲಿನಲ್ಲಿ ಒಂದು ಲಾರಿ ನಿಂತಿತ್ತು. ಯಾರದೋ ಮನೆ ಬದಲಾವಣೆಯ ಸಾಮಾನು, ಅದರ ನಡುವೆ ಭಾರಿ ಸೋಫಾ. ಹೊತ್ತು ಹಾಕಿದ ಹಮಾಲರಿಬ್ಬರು ಆ ಸೋಫಾದ ಮೇಲೆಯೇ ಕಾಲ ಮೇಲೆ ಕಾಲು ಹಾಕಿಕೊಂಡು, ಹುಟ್ಟಿದಾಗಿನಿಂದ ಅಲ್ಲೇ ಕೂತವರಂತೆ ಕೂತಿದ್ದರು. ಅವಳು ನೋಡುವುದನ್ನು ಕಂಡು ಒಬ್ಬ ಕೈ ಬೀಸಿದ. "ಬನ್ನಿ ಅಕ್ಕಾ, ಕೂತ್ಕೊಳ್ಳಿ! ಕಾಫಿ ಮಾತ್ರ ಕೇಳಬೇಡಿ, ಒಲೆ ಸೋಫಾದ ಕೆಳಗೆ ಸಿಕ್ಕೊಂಡಿದೆ!" ಅವಳು ಗೊಳ್ಳೆಂದು ನಕ್ಕಳು. ರೂಢಿಯ ಮೇಲೆ ಕೈ ಎದೆಯ ಹತ್ತಿರ ತಡಕಿತು, ಏನೂ ಸಿಗಲಿಲ್ಲ. ಲಾರಿ ತಿರುವು ದಾಟುವವರೆಗೂ ಕಣ್ತುಂಬ ನೋಡುತ್ತಾ ನಿಂತಳು.

ಮನೆಗೆ ಬಂದಾಗ ಫೋಟೋದವರ ಸ್ನಾನವಾಗಿತ್ತು. ಮುಖಕ್ಕೆ ಪೌಡರ್ ಹಾಕಿಸಿಕೊಂಡು, ಬಾಗಿಲ ಕಡೆ ಮಗ್ಗುಲಾಗಿ ಮಲಗಿದ್ದರು. ಅವಳನ್ನು ಕಂಡು ಬಿಗುಮಾನದಿಂದ ಕಣ್ಣು ಮುಚ್ಚಿಕೊಂಡರು. ಆಮೇಲೆ ತಡೆಯಲಾಗಲಿಲ್ಲ.

"ಏನಿತ್ತು ಇವತ್ತು?"

ದನಿ ತೀರ ಸಣ್ಣದಾಗಿತ್ತು. ಅವಳಿಗೆ ಕನಿಕರ ಬಂತು, ಬರಲಿಲ್ಲವೆಂದಲ್ಲ. ಸೋಫಾ, ಹಮಾಲರು ಎಂದು ಎರಡು ಮಾತು ಹೇಳಿದ್ದರೂ ಆ ಮುಖ ಅರಳುತ್ತಿತ್ತು. ಹೊಟ್ಟೆಯೊಳಗೆ ನಗು ಇನ್ನೂ ಬೆಚ್ಚಗೇ ಇತ್ತು.

"ಏನೂ ಇರಲಿಲ್ಲ ರೀ," ಎಂದಳು. "ಬರೀ ರಸ್ತೆ."